ಶಾಲು ಹೊದಿಸಿದರೆ ತೀರಿತೆ?

ಕಳೆದ ವರ್ಷ ರಾಜ್ಯೋತ್ಸವದ ಕಾಲದಲ್ಲಿ ನಡೆದ ಒಂದು ಸಂಗತಿಯಿಂದ ಈ ಮಾತನ್ನು ಆರಂಭಿಸಬೇಕಾಗಿದೆ. ಊರಿನ ಹೆಸರೂ ಸಂಘದ ಹೆಸರೂ ಇಲ್ಲಿ ಬೇಡ. ಅಂಥ ಸಂಘಗಳು ಎಲ್ಲ ಊರುಗಳಲ್ಲಿಯೂ ಇವೆ. ಮೇಲಾಗಿ, ಅಂದು ತಪ್ಪು ಮಾಡಿದವರಲ್ಲಿ ನಾನೂ ಒಬ್ಬ.

ಐವರು ಸಾಧಕರಿಗೆ ಸನ್ಮಾನವಿತ್ತು. ಒಬ್ಬರು ವೈದ್ಯರು, ಒಬ್ಬರು ಉದ್ಯಮಿ, ಒಬ್ಬರು ಕಿರುತೆರೆಯ ನಟ. ನಾಲ್ಕನೆಯವರು ಯಾತಕ್ಕಾಗಿ ಸಾಧಕರೆಂಬುದು ಸಭೆ ಮುಗಿಯುವವರೆಗೂ ಯಾರಿಗೂ ತಿಳಿಯಲಿಲ್ಲ. ಐದನೆಯವರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಐವತ್ತೈದು ದಾಟಿದ ವಯಸ್ಸು. ಒಂದು ಕಾಲಕ್ಕೆ ಗುಂಡು ಎಸೆತದಲ್ಲಿ ದೇಶದ ಪರವಾಗಿ ಹೊರದೇಶಕ್ಕೆ ಹೋಗಿಬಂದಿದ್ದವರು. ವೇದಿಕೆಗೆ ಏಳು ಮೆಟ್ಟಿಲು. ಕಾರ್ಯದರ್ಶಿಗಳಿಗೆ ಆ ಏಳು ಮೆಟ್ಟಿಲುಗಳ ನೆನಪಾದದ್ದು ಅತಿಥಿಗಳು ಅದರ ಬುಡಕ್ಕೆ ಬಂದು ನಿಂತ ಮೇಲೆ. ಆಮೇಲೆ ಏನಾಗಬೇಕೋ ಅದೇ ಆಯಿತು. ನಾಲ್ವರು ತರುಣರು ಬಂದು, ಮಿಲ್ಲಿನಲ್ಲಿ ಭತ್ತದ ಮೂಟೆಯನ್ನು ಎತ್ತುವಂತೆ ಆ ಕುರ್ಚಿಯನ್ನು ಮನುಷ್ಯನ ಸಮೇತ ಎತ್ತಿದರು. ಸಭೆ ಚಪ್ಪಾಳೆ ತಟ್ಟಿತು. ಎತ್ತಿದವರಿಗೋ, ಎತ್ತಿಸಿಕೊಂಡವರಿಗೋ, ತಿಳಿಯದು.

ಪರಿಚಯ ಭಾಷಣ ನನ್ನ ಪಾಲಿಗೆ ಬಂದಿತ್ತು. ಕಾರ್ಯದರ್ಶಿಗಳು ಕೊಟ್ಟ ಅರ್ಧ ಹಾಳೆಯ ಟಿಪ್ಪಣಿಯಲ್ಲಿ ‘ಅಂಗವಿಕಲತೆಯನ್ನು ಮೆಟ್ಟಿ ನಿಂತ ಧೀರ’ ಎಂಬುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಕನ್ನಡದ ಅಧ್ಯಾಪಕನಿಗೆ ಅಷ್ಟು ಸಾಲದೆ? ಏಳೆಂಟು ನಿಮಿಷ ಮಾತನಾಡಿದೆ. ಛಲ ಎಂದೆ, ಆತ್ಮಬಲ ಎಂದೆ, ಕತ್ತಲೆಯಲ್ಲಿ ಹಣತೆ ಎಂದೆ. ಮುಂದಿನ ಸಾಲಿನಲ್ಲಿ ಇಬ್ಬರು ಮಹಿಳೆಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ತೃಪ್ತಿಯಾಯಿತು. ಸಭೆ ಮುಗಿದು ಕಾಫಿಯ ಹೊತ್ತಿಗೆ ಆ ಮಹನೀಯರು ನನ್ನನ್ನು ಹತ್ತಿರ ಕರೆದು, ಬೇಸರವೂ ಇಲ್ಲದೆ ವ್ಯಂಗ್ಯವೂ ಇಲ್ಲದೆ ಹೇಳಿದರು: “ಚೆನ್ನಾಗಿ ಮಾತಾಡಿದಿರಿ, ಮೇಷ್ಟ್ರೇ. ಆದರೆ ನಾನು ಎಷ್ಟು ದೂರ ಎಸೆದೆ ಅಂತ ಹೇಳಲೇ ಇಲ್ಲವಲ್ಲ!”

ನಾನು ಹೇಳಲಿಲ್ಲ, ಏಕೆಂದರೆ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. ಕೇಳಿರಲಿಲ್ಲವೇಕೆ ಎಂದರೆ, ಕೇಳಬೇಕಾದ ಸಂಗತಿ ಅದು ಎಂಬುದೇ ನನಗೆ ಹೊಳೆದಿರಲಿಲ್ಲ. ಪಕ್ಕದಲ್ಲಿದ್ದ ನಟನ ಧಾರಾವಾಹಿಗಳ ಹೆಸರುಗಳನ್ನು ನಿರೂಪಕಿ ಒಂದೂ ಬಿಡದೆ ಓದಿದ್ದಳು. ವೈದ್ಯರು ಮಾಡಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನು ಇನ್ನೊಬ್ಬರು ಹೇಳಿದ್ದರು. ಕ್ರೀಡಾಪಟುವಿನ ವಿಷಯಕ್ಕೆ ಬಂದಾಗ ಮಾತ್ರ ಅವರ ಕಾಲಿನ ಸುದ್ದಿ ಬಂತು, ಕೈಯ ಸುದ್ದಿ ಬರಲಿಲ್ಲ. ಎಸೆದದ್ದು ಕೈ!

ಅಂದಿನಿಂದ ನನ್ನನ್ನು ಕೊರೆಯುತ್ತಿರುವ ವಿಚಾರ ಇದು. ಅಂಗವಿಕಲರ ಕ್ರೀಡೆಯಲ್ಲಿ ಹೆಸರು ಮಾಡಿ ನಿವೃತ್ತರಾದವರಿಗೆ, ಅವರನ್ನು ತಯಾರು ಮಾಡಿದ ಗುರುಗಳಿಗೆ, ನಾವು ಸನ್ಮಾನದ ಹೆಸರಿನಲ್ಲಿ ಕೊಡುತ್ತಿರುವುದು ಕನಿಕರ. ಕನಿಕರಕ್ಕೆ ಅಂಕಿ ಬೇಕಾಗಿಲ್ಲ, ಇಸವಿ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣು. ಮಾನಕ್ಕೆ ಲೆಕ್ಕ ಬೇಕು. ಸನ್ಮಾನವೆಂಬ ಪದದೊಳಗೆ ಮಾನವಿದೆ. ಮಾನವೆಂದರೆ ಅಳತೆ ಎಂಬ ಅರ್ಥವೂ ನಮ್ಮ ನಿಘಂಟುಗಳಲ್ಲಿಯೇ ಇದೆ. ಅಳೆಯದೆ ಮಾಡಿದ ಸನ್ಮಾನದಲ್ಲಿ ಉಳಿಯುವುದು ಬರಿಯ ‘ಸನ್’ ಅಷ್ಟೆ.

ಕ್ರಿಕೆಟ್ಟಿನ ವಿಷಯದಲ್ಲಿ ನಾವು ಹೀಗಿದ್ದೇವೆಯೆ? 1975ರಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಮ್ಮ ವಿಶ್ವನಾಥ್ ಔಟಾಗದೆ ಗಳಿಸಿದ 97 ಓಟಗಳನ್ನು, ಅಂದು ಹುಟ್ಟಿಯೇ ಇರದಿದ್ದ ಹುಡುಗರು ಕೂಡ ಬಸವನಗುಡಿಯ ಹೋಟೆಲುಗಳಲ್ಲಿ ಕಂಡವರಂತೆ ವರ್ಣಿಸುತ್ತಾರೆ. ವಿಶ್ವನಾಥ್ ಅವರ ಎತ್ತರವೆಷ್ಟು, ತೂಕವೆಷ್ಟು ಎಂದು ಯಾರೂ ಕಣ್ಣೀರು ಹಾಕುವುದಿಲ್ಲ. ಆ ಚೆಂಡು ಹೇಗೆ ಬಂತು, ಇವರು ಹೇಗೆ ಕತ್ತರಿಸಿದರು ಎಂಬುದಷ್ಟೇ ಮಾತು. ಅದು ಮರ್ಯಾದೆ.

ಈಗ ಓದುಗರಿಗೆ ಒಂದು ಸಣ್ಣ ಪರೀಕ್ಷೆ. ಅಧ್ಯಾಪಕನ ಚಟ, ಕ್ಷಮಿಸಬೇಕು. 1968ರಲ್ಲಿ ಟೆಲ್ ಅವೀವ್ ನಗರದಲ್ಲಿ ನಡೆದ ಕೂಟಕ್ಕೆ ನಮ್ಮ ದೇಶದ ಮೊದಲ ತಂಡ ಹೋಯಿತು. ಆಗಿನಿಂದ 2012ರ ಲಂಡನ್ ಕೂಟದವರೆಗಿನ ಎಲ್ಲ ಪ್ಯಾರಾಲಿಂಪಿಕ್ ಕೂಟಗಳನ್ನೂ ಸೇರಿಸಿದರೆ ಭಾರತ ಗೆದ್ದ ಪದಕಗಳು ಎಂಟು. ಗೆದ್ದವರು ಆರೇ ಮಂದಿ. ನಲವತ್ತನಾಲ್ಕು ವರ್ಷಗಳಲ್ಲಿ ಆರು ಜನ! ಅವರ ಹೆಸರು ಹೇಳಿ.

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ಪ್ರಶ್ನೆಯನ್ನು ಇಟ್ಟೆ. ಇಬ್ಬರು ಡಾಕ್ಟರೇಟ್ ಪಡೆದವರು, ದೈಹಿಕ ಶಿಕ್ಷಣದ ನಿರ್ದೇಶಕರು, ನಾನು, ಇನ್ನೂ ನಾಲ್ಕೈದು ಜನ. ಒಬ್ಬ ಸಹೋದ್ಯೋಗಿನಿ ಮಾತ್ರ ಒಂದು ಹೆಸರು ಹೇಳಿದರು: ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. ಅವರ ತೌರೂ ಹಾಸನವೇ ಆದದ್ದರಿಂದ ಬಂದ ಉತ್ತರ ಅದು. ಉಳಿದ ಐವರು ಯಾರಿಗೂ ಗೊತ್ತಿಲ್ಲ. ಬರೆದಿಟ್ಟುಕೊಳ್ಳುವವರು ಬರೆದಿಟ್ಟುಕೊಳ್ಳಲಿ: 1972ರಲ್ಲಿ ಈಜಿನಲ್ಲಿ ಚಿನ್ನ ಗೆದ್ದ ಮುರಳಿಕಾಂತ ಪೇಟ್ಕರ್; 1984ರಲ್ಲಿ ಗುಂಡು ಎಸೆತದಲ್ಲಿ ಬೆಳ್ಳಿ, ಚಕ್ರ ಎಸೆತದಲ್ಲಿಯೂ ಭರ್ಜಿ ಎಸೆತದಲ್ಲಿಯೂ ಕಂಚು, ಹೀಗೆ ಒಬ್ಬರೇ ಮೂರು ಪದಕ ತಂದ ಜೋಗಿಂದರ್ ಸಿಂಗ್ ಬೇಡಿ; ಅದೇ ವರ್ಷ ಭರ್ಜಿಯಲ್ಲಿ ಬೆಳ್ಳಿ ಗೆದ್ದ ಭೀಮರಾವ್ ಕೇಸರ್ಕರ್; 2004ರಲ್ಲಿ ಅಥೆನ್ಸ್‌ನಲ್ಲಿ ಭರ್ಜಿಯ ಚಿನ್ನ ಗೆದ್ದ ದೇವೇಂದ್ರ ಝಝಾರಿಯಾ; ಅಲ್ಲಿಯೇ ಭಾರ ಎತ್ತುವುದರಲ್ಲಿ ಕಂಚು ಗೆದ್ದ ರಾಜಿಂದರ್ ಸಿಂಗ್ ರಹೇಲು; 2012ರಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ನಮ್ಮ ಗಿರೀಶ.

ಇವರಲ್ಲಿ ಮೊದಲನೆಯವರ ಕಥೆಯನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಪೇಟ್ಕರ್ ಹುಟ್ಟಿದ್ದು 1944ರಲ್ಲಿ, ನಮ್ಮ ಬೆಳಗಾವಿಗೆ ದೂರವೇನೂ ಅಲ್ಲದ ಸಾಂಗ್ಲಿ ಜಿಲ್ಲೆಯಲ್ಲಿ. ಸೈನ್ಯದ ಇ.ಎಂ.ಇ. ದಳ ಸೇರಿದರು; ಅಲ್ಲಿ ಒಳ್ಳೆಯ ಮುಷ್ಟಿಯುದ್ಧ ಪಟುವೆನಿಸಿಕೊಂಡರು. 1965ರ ಯುದ್ಧದಲ್ಲಿ ಗುಂಡುಗಳು ತಗುಲಿದವು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗಿನ ಶಕ್ತಿ ಹೋಯಿತು. ಚಿಕಿತ್ಸೆಯ ಅಂಗವಾಗಿ ನೀರಿಗಿಳಿದವರು ನೀರನ್ನು ಬಿಡಲಿಲ್ಲ. ಟೆಲ್ ಅವೀವ್‌ನಲ್ಲಿ ಟೇಬಲ್ ಟೆನ್ನಿಸ್ ಆಡಿದರು. ನಾಲ್ಕು ವರ್ಷಗಳ ತರುವಾಯ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, 50 ಮೀಟರು ದೂರವನ್ನು 37.33 ಸೆಕೆಂಡುಗಳಲ್ಲಿ ಈಜಿ ಚಿನ್ನ ಗೆದ್ದರು. ಅದು ವಿಶ್ವದಾಖಲೆ.

ಆ ವರ್ಷದ ಒಲಿಂಪಿಕ್ಸ್ ನಡೆದದ್ದು ಮ್ಯೂನಿಕ್‌ನಲ್ಲಿ; ಇವರ ಕೂಟ ಹೈಡೆಲ್‌ಬರ್ಗ್‌ಗೆ ಹೋದದ್ದೇಕೆ? ಮ್ಯೂನಿಕ್‌ನ ಕ್ರೀಡಾಗ್ರಾಮದ ಕಟ್ಟಡಗಳನ್ನು ಒಲಿಂಪಿಕ್ಸ್ ಮುಗಿದ ಕೂಡಲೆ ಖಾಸಗಿ ವಸತಿಯ ಮನೆಗಳನ್ನಾಗಿ ಮಾಡಿಬಿಡುವುದೆಂದು ಗೊತ್ತಾಗಿತ್ತಂತೆ. ಮದುವೆ ಮುಗಿಯುವ ಮೊದಲೇ ಚಪ್ಪರ ಬಿಚ್ಚುವ ಈ ಅವಸರ ನಮ್ಮ ದೇಶದ್ದಷ್ಟೇ ಅಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಪಡಬಹುದು.

ರಸಪ್ರಶ್ನೆಯ ಸ್ಪರ್ಧೆಗಳಲ್ಲಿ ನಾವು ಕೇಳುವ ಪ್ರಶ್ನೆಯೊಂದಿದೆ: ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಭಾರತೀಯ ಯಾರು? ಅಭಿನವ್ ಬಿಂದ್ರಾ, 2008, ಬೀಜಿಂಗ್. ಉತ್ತರ ಸರಿ. ಬಿಂದ್ರಾ ಅವರ ಕೀರ್ತಿಯಲ್ಲಿ ಕೂದಲೆಳೆಯಷ್ಟನ್ನೂ ಕಳೆಯುವ ಉದ್ದೇಶ ನನಗಿಲ್ಲ. ಆದರೆ ಅದಕ್ಕೆ 36 ವರ್ಷ ಮೊದಲು ಇನ್ನೊಬ್ಬ ಭಾರತೀಯ ಅಂತರರಾಷ್ಟ್ರೀಯ ಕೂಟದಲ್ಲಿ ಒಬ್ಬನೇ ಈಜಿ, ಚಿನ್ನದೊಂದಿಗೆ ದಡ ಮುಟ್ಟಿದ್ದ ಎಂಬುದನ್ನು ಅದೇ ಉಸಿರಿನಲ್ಲಿ ಹೇಳುವ ಒಬ್ಬ ರಸಪ್ರಶ್ನೆಕಾರನನ್ನೂ ನಾನು ಕಂಡಿಲ್ಲ. ನಾನೇ ಹತ್ತಾರು ಸಲ ಈ ಪ್ರಶ್ನೆಯನ್ನು ಕೇಳಿದವನು, ಒಮ್ಮೆಯೂ ಹೇಳಲಿಲ್ಲ.

ಅರ್ಜುನ ಪ್ರಶಸ್ತಿ 1961ರಲ್ಲಿಯೇ ಆರಂಭವಾಗಿತ್ತು. ಪೇಟ್ಕರ್ ಗೆದ್ದಾಗ ಅದಕ್ಕೆ ಹನ್ನೊಂದು ವರ್ಷ. 1982ರಲ್ಲಿ ಆ ಪ್ರಶಸ್ತಿ ಕೇಳಿ ನಿರಾಕರಣೆಯ ಉತ್ತರ ಪಡೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಪದ್ಮಶ್ರೀ ಬಂದದ್ದು 2018ರಲ್ಲಿ. 2024ರಲ್ಲಿ ಅವರ ಜೀವನವನ್ನು ಆಧರಿಸಿ ಹಿಂದಿ ಚಲನಚಿತ್ರ ಬಂತು. ಅರ್ಜುನ ಪ್ರಶಸ್ತಿ, ಜೀವಮಾನ ಸಾಧನೆಯ ಹೆಸರಿನಲ್ಲಿ, ಅವರ ಕೈಸೇರಿದ್ದು 2025ರ ಜನವರಿಯಲ್ಲಿ. ಇಪ್ಪತ್ತೇಳು ವರ್ಷದ ತರುಣ ಗೆದ್ದದ್ದಕ್ಕೆ ಎಂಬತ್ತು ವರ್ಷದ ಮುದುಕನಿಗೆ ಬಹುಮಾನ! ಕಾರ್ಯಕಾರಣ ಸಂಬಂಧವನ್ನು ನಾನು ಕಟ್ಟುವುದಿಲ್ಲ. ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟಿದ್ದೇನೆ, ಅಷ್ಟೆ. ಚಲನಚಿತ್ರ ಬಾರದ ಇನ್ನುಳಿದವರ ಗತಿಯೇನು ಎಂಬ ಪ್ರಶ್ನೆ ಮಾತ್ರ ತಾನಾಗಿಯೇ ಏಳುತ್ತದೆ.

ಆದರೂ ಪೇಟ್ಕರ್ ಅದೃಷ್ಟವಂತರು, ಇದ್ದಾಗ ಬಂತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಈಜಿನಲ್ಲಿ ಚಿನ್ನ ಗೆದ್ದ ಸಚಿನ್ ನಾಗ್ ಅಂಗವಿಕಲರಲ್ಲ. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದದ್ದು 2020ರಲ್ಲಿ, ತೀರಿಕೊಂಡು ಮೂವತ್ತಮೂರು ವರ್ಷಗಳಾದ ಮೇಲೆ. ಕೈಕಾಲು ಸರಿಯಿದ್ದವರಿಗೇ ಈ ವಿಳಂಬವಾದರೆ, ಲೋಕದ ಕಣ್ಣಿಗೆ ಮೊದಲೇ ಬೀಳದ ಮಂದಿ ಎಷ್ಟು ಜನ್ಮ ಕಾಯಬೇಕು?

ದೂರದ ಮಾತೇಕೆ? ಬೆಂಗಳೂರಿನವರೇ ಆದ ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರನ್ನು ತೆಗೆದುಕೊಳ್ಳಿ. ಕೂಸಾಗಿದ್ದಾಗಲೇ ಪೋಲಿಯೊ ಬಂತು. ಬ್ಯಾಂಕಿನಲ್ಲಿ ದುಡಿಯುತ್ತ, ಗಾಲಿಕುರ್ಚಿಯ ಓಟದಿಂದ ಹಿಡಿದು ಗುಂಡು, ಚಕ್ರ, ಭರ್ಜಿಗಳವರೆಗೆ ಕೈಹಾಕಿ, 1988ರ ಸಿಯೋಲ್, 1992ರ ಬಾರ್ಸಿಲೋನಾ ಮೊದಲಾದ ಪ್ಯಾರಾಲಿಂಪಿಕ್ ಕೂಟಗಳಿಗೆ ಹೋಗಿಬಂದರು. ಅರ್ಜುನ ಪ್ರಶಸ್ತಿ ಪಡೆದರು. 2001ರಲ್ಲಿ ಪದ್ಮಶ್ರೀ ಪಡೆದರು. ತಮ್ಮ ಪಾಲಿಗೆ ಬಂದ ಹೆಸರನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ, ‘ಮಾತೃ’ ಎಂಬ ಸಂಸ್ಥೆ ಕಟ್ಟಿ ಅಂಗವಿಕಲ ಮಕ್ಕಳನ್ನು ಸಾಕಿದರು. 2012ರಲ್ಲಿ ಝಝಾರಿಯಾ ಅವರಿಗೆ ಪದ್ಮಶ್ರೀ ಬಂದಿತು, ನ್ಯಾಯವಾಗಿಯೇ ಬಂದಿತು. ಆದರೆ ಆ ಗೌರವ ಪಡೆದ ಮೊದಲ ಪ್ಯಾರಾಲಿಂಪಿಕ್ ಕ್ರೀಡಾಪಟು ಅವರೇ ಎಂದು ಬರೆದದ್ದನ್ನು ನಾನು ಒಂದಲ್ಲ, ಹಲವು ಕಡೆ ಓದಿದ್ದೇನೆ. ಹನ್ನೊಂದು ವರ್ಷ ಹಿಂದೆ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದ ಹೆಣ್ಣುಮಗಳು ಎಲ್ಲಿ ಹೋದಳು? ಕೊಟ್ಟವರೂ ಮರೆತರು, ಬರೆದವರೂ ಮರೆತರು. ಅವಳ ಊರಿನವರಾದ ನಾವಾದರೂ ‘ಸ್ವಾಮಿ, ಲೆಕ್ಕ ತಪ್ಪಿದೆ’ ಎಂದು ಒಂದು ಕಾಗದ ಬರೆಯಬಹುದಾಗಿತ್ತು. ಸನ್ಮಾನ ಮಾಡಿಯೂ ಮರೆಯಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇಲ್ಲಿ ಕೆಲವರು ತಡೆದು ಹೇಳುವುದುಂಟು: “ಕಾಲ ಬದಲಾಗಿದೆ. ರಿಯೋದಲ್ಲಿ ನಾಲ್ಕಿದ್ದ ಪದಕ ಟೋಕಿಯೋದಲ್ಲಿ ಹತ್ತೊಂಬತ್ತಾಯಿತು, 2024ರ ಪ್ಯಾರಿಸ್‌ನಲ್ಲಿ ಇಪ್ಪತ್ತೊಂಬತ್ತು. ಖೇಲ್‌ರತ್ನ ಕೊಡುತ್ತಾರೆ, ನಗದು ಕೊಡುತ್ತಾರೆ, ಪ್ರಧಾನಿ ಮನೆಗೆ ಕರೆದು ಮಾತನಾಡಿಸುತ್ತಾರೆ. ಇನ್ನೇನು ದೂರು?” ದೂರಿಲ್ಲ, ಸಂತೋಷವೇ. ಆದರೆ ಇದೆಲ್ಲ ಇಂದು ಗೆದ್ದವರಿಗೆ, ಗೆದ್ದ ವಾರದಲ್ಲಿ ನಡೆಯುವ ಉತ್ಸವ. ನನ್ನ ಮಾತು ನಿವೃತ್ತರದು. ರಸ್ತೆಯೇ ಇಲ್ಲದಾಗ ಕಾಡು ಕಡಿದವರನ್ನು ಬಿಟ್ಟು, ಡಾಂಬರು ಹಾಕಿದ ಮೇಲೆ ಕಾರು ಓಡಿಸಿದವರಿಗೆ ಮಾತ್ರ ಆರತಿ ಎತ್ತುವುದು ಯಾವ ನ್ಯಾಯ? ಇಂದಿನ ಹುಡುಗರಿಗೆ ವಿದೇಶದ ತರಬೇತಿಯಿದೆ, ಸರ್ಕಾರದ ವೇತನವಿದೆ. 1984ರಲ್ಲಿ ಮೂರು ಪದಕ ಹೊತ್ತು ಬಂದ ಬೇಡಿಯವರಿಗೆ ಏನಿತ್ತು?

ಇನ್ನೊಂದು ಆಕ್ಷೇಪವಿದೆ, ಅದನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ, ಕಾಫಿಯ ಲೋಟದ ಮರೆಯಲ್ಲಿ ಹೇಳುತ್ತಾರೆ: “ಅಲ್ಲಿ ವಿಭಾಗಗಳು ನೂರೆಂಟು. ಯಾವುದಾದರೂ ಒಂದರಲ್ಲಿ ಪದಕ ಬಂದೇ ಬರುತ್ತದೆ.” ಈ ಮಾತನ್ನು ಆಡುವ ಮಹಾಶಯರು ಕುಸ್ತಿಯ ವಿಷಯದಲ್ಲಿ ಹೀಗೇಕೆ ಹೇಳುವುದಿಲ್ಲ? 57 ಕಿಲೋ ತೂಗುವವನನ್ನು 97 ಕಿಲೋದವನ ಜೊತೆ ಕಣಕ್ಕೆ ಬಿಡುವುದಿಲ್ಲವೆಂದು ಮೈಸೂರಿನ ಗರಡಿಯ ಮಕ್ಕಳಿಗೂ ಗೊತ್ತು. ಅಂಗವಿಕಲರ ಕ್ರೀಡೆಯ ವಿಭಾಗಗಳೂ ಅಷ್ಟೆ. ಅಥ್ಲೆಟಿಕ್ಸ್‌ನಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ: ಟಿ ಎಂದರೆ ಓಟದ ಹಾದಿ, ಎಫ್ ಎಂದರೆ ಎಸೆತದ ಮೈದಾನ, ಸಂಖ್ಯೆ ಕೊರತೆಯ ಬಗೆಯನ್ನೂ ಪ್ರಮಾಣವನ್ನೂ ಹೇಳುತ್ತದೆ. 11ರಿಂದ 13ರವರೆಗೆ ದೃಷ್ಟಿಯದು, 51ರಿಂದ 57ರವರೆಗಿನವು ಕುಳಿತು ಸ್ಪರ್ಧಿಸುವವರವು, ಹೀಗೆ. ಸಮಾನರನ್ನು ಸಮಾನರೊಡನೆ ನಿಲ್ಲಿಸುವ ಏರ್ಪಾಡು ಅದು, ಪದಕ ಹಂಚುವ ಛತ್ರವಲ್ಲ.

ಲಂಡನ್‌ನಲ್ಲಿ ಗಿರೀಶ ದಾಟಿದ ಎತ್ತರ 1.74 ಮೀಟರು. ಕುರ್ಚಿಯಿಂದೆದ್ದು ಒಮ್ಮೆ ಗೋಡೆಯ ಮೇಲೆ ಗುರುತು ಹಾಕಿ ನೋಡಿ: ನಮ್ಮಲ್ಲಿ ಬಹುಮಂದಿ ಗಂಡಸರ ನೆತ್ತಿ ಆ ಗುರುತಿಗೆ ಮುಟ್ಟುವುದಿಲ್ಲ. ಅದನ್ನು ದಾಟಿದ್ದು ಒಂದೇ ಕಾಲಿನ ಬಲದಿಂದ. ಅಂದು ಚಿನ್ನ ಗೆದ್ದ ಫಿಜಿ ದ್ವೀಪದ ಇಲಿಯೇಸಾ ಡೆಲಾನಾ ದಾಟಿದ್ದೂ 1.74 ಮೀಟರೇ; ಯತ್ನಗಳ ಲೆಕ್ಕದಲ್ಲಿ ಚಿನ್ನ ಅವರದಾಯಿತು. ಪುಟ್ಟ ಫಿಜಿ ಏನು ಮಾಡಿತು ಗೊತ್ತೆ? 2014ರಲ್ಲಿ ಡೆಲಾನಾ ಅಲ್ಲಿಯ ಸಂಸತ್ತಿಗೆ ಆಯ್ಕೆಯಾದರು. ಯುವಜನ ಹಾಗೂ ಕ್ರೀಡಾ ಖಾತೆಯ ಸಹಾಯಕ ಸಚಿವರಾದರು. ಗಿರೀಶ ಅವರಿಗೆ ನಾವೂ ಪದ್ಮಶ್ರೀ ಕೊಟ್ಟೆವು, ಅರ್ಜುನ ಕೊಟ್ಟೆವು, ಇಲ್ಲವೆನ್ನುವುದಿಲ್ಲ. ಆದರೆ ಕ್ರೀಡೆಯ ವಿಚಾರದಲ್ಲಿ ತೀರ್ಮಾನ ಮಾಡುವ ಮೇಜಿನ ಸುತ್ತ ಇಂಥವರಿಗೆ ಕುರ್ಚಿ ಹಾಕಬೇಕೆಂಬುದು ಹೊಳೆಯಬೇಕಾದರೆ ನಾವು ಇನ್ನೂ ಸ್ವಲ್ಪ ಚಿಕ್ಕ ದೇಶವಾಗಬೇಕೋ ಏನೋ.

ಗುರುಗಳ ವಿಷಯ ಇನ್ನೂ ಮಸುಕು. ಅಂಧ ಈಜುಗಾರನಿಗೆ ಕೊಳದ ಗೋಡೆ ಬಂತೆಂದು ಹೇಗೆ ತಿಳಿಯುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ದಡದಲ್ಲಿ ಒಬ್ಬ ಉದ್ದನೆಯ ಕೋಲು ಹಿಡಿದು ನಿಂತಿರುತ್ತಾನೆ. ಕೋಲಿನ ತುದಿಗೆ ಮೆತ್ತನೆಯ ಚೆಂಡು. ಈಜುಗಾರ ಪೂರ್ಣ ವೇಗದಲ್ಲಿ ಬರುತ್ತಿರುವಾಗ ತಕ್ಕ ಕ್ಷಣದಲ್ಲಿ ಅದರಿಂದ ತಟ್ಟಬೇಕು. ತುಸು ಮೊದಲಾದರೆ ಸಮಯ ನಷ್ಟ. ತುಸು ತಡವಾದರೆ ತಲೆ ಗೋಡೆಗೆ. ಅಂಧ ಓಟಗಾರ್ತಿಯ ಜೊತೆ ಕೈಗೆ ಕೈ ದಾರದಲ್ಲಿ ಬಿಗಿದುಕೊಂಡು ಓಡುವ ಮಾರ್ಗದರ್ಶಿ ಅವಳ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸಬೇಕು, ಅವಳಿಗಿಂತ ವೇಗವಾಗಿ ಓಡಬಲ್ಲವನಾಗಿರಬೇಕು, ಆದರೂ ಗೆರೆಯನ್ನು ಅವಳಿಗಿಂತ ಮೊದಲು ಮುಟ್ಟಕೂಡದು. ಇಂಥ ವಿಚಿತ್ರವಾದ ತ್ಯಾಗವನ್ನು ಇನ್ನಾವ ಆಟ ಬೇಡುತ್ತದೆ? ಕುಳಿತು ಗುಂಡು ಎಸೆಯುವವನ ಚೌಕಟ್ಟನ್ನು ನೆಲಕ್ಕೆ ಎಷ್ಟು ಬಿಗಿಯಾಗಿ ಕಟ್ಟಬೇಕು, ತೊಡೆಯ ಪಟ್ಟಿ ಎಲ್ಲಿ ಬಿದ್ದರೆ ಭುಜಕ್ಕೆ ಬಲ ಬರುತ್ತದೆ, ಆಸನದಿಂದ ಮೈ ಏಳದಂತೆ ಸೊಂಟವನ್ನು ಹೇಗೆ ತಿರುಗಿಸಬೇಕು, ಇದೆಲ್ಲ ಒಬ್ಬೊಬ್ಬರ ಮೈಗೂ ಬೇರೆ. ಒಬ್ಬನಿಗೆ ಕಲಿಸಿದ್ದು ಇನ್ನೊಬ್ಬನಿಗೆ ಹೊಂದುವುದಿಲ್ಲ. ಹೀಗೆ ಇಪ್ಪತ್ತು, ಮೂವತ್ತು ವರ್ಷ ಕೈಯಿಂದ ಕೈಗೆ ಕಲಿತ ವಿದ್ಯೆ ಈ ತರಬೇತುದಾರರಲ್ಲಿದೆ. ಕನ್ನಡದಲ್ಲಿ ಈ ವಿದ್ಯೆಯ ಬಗ್ಗೆ ಒಂದು ಪುಸ್ತಕವನ್ನು ನಾನು ಕಂಡಿಲ್ಲ. ಕಂಡವರಿದ್ದರೆ ತಿಳಿಸಿದರೆ ಉಪಕಾರ. ಅವರು ನಿವೃತ್ತರಾದ ದಿನ ವಿದ್ಯೆಯೂ ಅವರ ಜೊತೆ ಮನೆಗೆ ಹೋಗುತ್ತದೆ.

ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ 1985ರಲ್ಲಿ ಹುಟ್ಟಿತು. 2006ರಲ್ಲಿ ಆರ್.ಡಿ. ಸಿಂಗ್, 2012ರಲ್ಲಿ ಸತ್ಯಪಾಲ್ ಸಿಂಗ್, 2015ರಲ್ಲಿ ನವಲ್ ಸಿಂಗ್ ಇವರೇ ಮೊದಲಾದ ಕೆಲವರು ಅಂಗವಿಕಲರ ಅಥ್ಲೆಟಿಕ್ಸ್‌ಗಾಗಿ ಅದನ್ನು ಪಡೆದಿದ್ದಾರೆ. ಈಚಿನ ವರ್ಷಗಳಲ್ಲಿ ಬ್ಯಾಡ್ಮಿಂಟನ್, ಶೂಟಿಂಗ್ ಗುರುಗಳಿಗೂ ಸಂದಿದೆ. ಒಳ್ಳೆಯದೇ ಆಯಿತು. ಆದರೆ ಈ ಹೆಸರೊಂದು ನನ್ನ ಗಂಟಲಲ್ಲಿ ಇಳಿಯದು. ಕಾಡಿನ ಹುಡುಗನೊಬ್ಬ ತಾನಾಗಿ ಕಲಿತ ವಿದ್ಯೆಯ ಮೇಲೆ ಹಕ್ಕು ಸಾಧಿಸಿ, ಅವನ ಬಲಗೈಯ ಹೆಬ್ಬೆರಳನ್ನು ಕತ್ತರಿಸಿಕೊಂಡ ಗುರು ದ್ರೋಣ. ಎಂದರೆ ನಮ್ಮ ಸಾಹಿತ್ಯದಲ್ಲಿ ಕ್ರೀಡಾಪಟುವನ್ನು ಅಂಗವಿಕಲನನ್ನಾಗಿ ಮಾಡಿದ ಮೊದಲ ತರಬೇತುದಾರ! ಅವನ ಹೆಸರಿನ ಪ್ರಶಸ್ತಿಯನ್ನು, ಬೆರಳಿಲ್ಲದವನಿಗೂ ಬಿಲ್ಲು ಹಿಡಿಯುವುದನ್ನು ಕಲಿಸುವ ಮಹಾನುಭಾವರ ಕೊರಳಿಗೆ ಕಟ್ಟುತ್ತೇವೆ. ನಮ್ಮ ರಾಜ್ಯ ಸರ್ಕಾರದ ಕ್ರೀಡಾ ಪ್ರಶಸ್ತಿ ಏಕಲವ್ಯನ ಹೆಸರಿನದು. ಹೆಸರಿಟ್ಟವರ ಮನಸ್ಸು ಎಲ್ಲಿತ್ತೋ ಕಾಣೆ, ಆದರೆ ಹೆಸರು ಸರಿಯಾದ ಕಡೆ ಬಿದ್ದಿದೆ. ಕುವೆಂಪು ಅವರು ‘ಬೆರಳ್‌ಗೆ ಕೊರಳ್’ ನಾಟಕ ಬರೆದು ಈ ಕಥೆಯ ಋಣವನ್ನು ಲೆಕ್ಕ ಹಾಕಿದ ನಾಡಿನಲ್ಲಿ, ಏಕಲವ್ಯನ ಹೆಸರಿಗೆ ಮೊದಲ ಹಕ್ಕು ಯಾರದೆಂದು ನಾನು ಬಿಡಿಸಿ ಹೇಳಬೇಕೆ?

ಹೆಸರಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿ ಮುಗಿಸುತ್ತೇನೆ. ನಮ್ಮ ಸರ್ಕಾರಿ ಕನ್ನಡದಲ್ಲಿ ಇವರೆಲ್ಲ ‘ವಿಕಲಚೇತನರು’. ತರಗತಿಯಲ್ಲಿ ಈ ಸಮಾಸವನ್ನು ಬಿಡಿಸಿರಿ ಎಂದರೆ ಹುಡುಗ ‘ವಿಕಲವಾದ ಚೇತನವನ್ನು ಉಳ್ಳವನು’ ಎಂದು ಬರೆಯುತ್ತಾನೆ, ಬಹುವ್ರೀಹಿ, ಪೂರ್ಣ ಅಂಕ ಕೊಡದೆ ವಿಧಿಯಿಲ್ಲ. ಅಂಗ ವಿಕಲವಾಗಿರಬಹುದು. 37.33 ಸೆಕೆಂಡುಗಳಲ್ಲಿ ಕೊಳ ದಾಟಿದವನ ಚೇತನ ವಿಕಲವೆ? ‘ಅಂಗವಿಕಲ’ ಎಂಬ ಹಳೆಯ ನೇರವಾದ ಪದಕ್ಕೆ ಮೃದುತ್ವ ತರಲು ಹೋಗಿ, ದೇಹದಲ್ಲಿದ್ದ ಊನವನ್ನು ಆತ್ಮಕ್ಕೆ ವರ್ಗಾಯಿಸಿಬಿಟ್ಟೆವು. ಹಿಂದಿಯಿಂದ ಬಂದ ‘ದಿವ್ಯಾಂಗ’ ಇನ್ನೊಂದು ಅತಿರೇಕ: ಇಲ್ಲದ ಕಾಲಿಗೆ ದೇವತ್ವ. ಕಾಲಿಗೆ ದೇವತ್ವ ಬೇಡ, ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಸಾಕು ಎಂದು ಗಾಲಿಕುರ್ಚಿಯಲ್ಲಿ ಕುಳಿತವರು ಹೇಳುತ್ತಲೇ ಇದ್ದಾರೆ.

ಹಾಗಾದರೆ ಏನು ಮಾಡಬೇಕೆಂದು ಕೇಳುವಿರಿ. ದೊಡ್ಡ ಯೋಜನೆಗಳೇನೂ ನನ್ನ ಬಳಿ ಇಲ್ಲ. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯವರು 2006ರಲ್ಲಿ ಒಂದು ಕೀರ್ತಿಶಾಲೆಯನ್ನು ಆರಂಭಿಸಿದರು. ಅದು ನಿವೃತ್ತರಿಗೇ ಮೀಸಲು. ಆಟಗಾರರ ಜೊತೆಯಲ್ಲಿ ಗುರುಗಳಿಗೂ ಅಲ್ಲಿ ಸ್ಥಾನವಿದೆ. 55 ಪದಕ ಗೆದ್ದ ಅಮೆರಿಕದ ಅಂಧ ಈಜುಗಾರ್ತಿ ಟ್ರಿಶಾ ಝಾರ್ನ್ ಅವರನ್ನು 2012ರಲ್ಲಿ ಅಲ್ಲಿ ಸೇರಿಸಿದರು. ಅಲ್ಲಿ ಹೇಳುವುದು ಏನು ಗೆದ್ದರು, ಯಾವಾಗ ಗೆದ್ದರು ಎಂಬುದನ್ನು. ನೋಡುವವರ ಕಣ್ಣೀರನ್ನು ಅವರು ನೋಡುವವರಿಗೇ ಬಿಟ್ಟಿದ್ದಾರೆ. ನಮಗೆ ಶಾಲೆ ಬೇಡ, ಕಂಠೀರವ ಕ್ರೀಡಾಂಗಣದ ಒಂದು ಗೋಡೆ ಸಾಕು. ಹೆಸರು, ಊರು, ಸ್ಪರ್ಧೆ, ಅಳತೆ, ಇಸವಿ, ಮತ್ತು ಪಕ್ಕದಲ್ಲಿ ಕಲಿಸಿದವರ ಹೆಸರು. ಬಣ್ಣದ ಖರ್ಚು ಒಂದು ಸನ್ಮಾನ ಸಮಾರಂಭದ ಹಾರತುರಾಯಿಗಳ ಖರ್ಚಿಗಿಂತ ಕಡಮೆಯೇ ಆದೀತು.

ಅರ್ಜಿಯ ಮಾತು ಮಾತ್ರ ಹೇಳದೆ ಬಿಡಲಾರೆ. ರಾಷ್ಟ್ರೀಯ ಕ್ರೀಡಾ ಪ್ರಶಸ್ತಿಗಳಿಗೆ ಈಚಿನ ವರ್ಷಗಳಲ್ಲಿ ಆಟಗಾರನೇ, ಗುರುವೇ ಜಾಲತಾಣದ ಮೂಲಕ ನೇರವಾಗಿ ಅರ್ಜಿ ಹಾಕಿಕೊಳ್ಳಬಹುದು. ಸಂಘಗಳ ಪದಾಧಿಕಾರಿಗಳ ಮನೆಬಾಗಿಲು ಕಾಯುವುದು ತಪ್ಪಿತು ಎಂಬ ಮಟ್ಟಿಗೆ ಇದು ಉಪಕಾರವೇ. ಪದಾಧಿಕಾರಿಗಳನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಆದರೆ ನಿವೃತ್ತನಾಗಿ ಇಪ್ಪತ್ತು ವರ್ಷವಾದ, ಪದಕಗಳನ್ನು ಹಳೆಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟ ಮನುಷ್ಯ, ತಾನು ದೊಡ್ಡವನೆಂದು ತಾನೇ ಬರೆದು, ದಾಖಲೆಗಳ ಛಾಯಾಪ್ರತಿ ಲಗತ್ತಿಸಿ, ‘ಆದ್ದರಿಂದ ನನ್ನನ್ನು ಗೌರವಿಸಬೇಕಾಗಿ ಪ್ರಾರ್ಥನೆ’ ಎಂದು ಸಹಿ ಹಾಕಬೇಕೆ? ಸ್ವಾಭಿಮಾನವಿದ್ದವನು ಹಾಕುವುದಿಲ್ಲ. ಹಾಕಿದವನಿಗೆ 1982ರ ಅನುಭವವಾಗುವ ಭಯ. ಹುಡುಕಿಕೊಂಡು ಹೋಗಬೇಕಾದ್ದು ಕೊಡುವವರ ಕೆಲಸ. ಪ್ರತಿ ಜಿಲ್ಲೆಯಲ್ಲಿಯೂ ಒಂದು ಕ್ರೀಡಾ ಇಲಾಖೆಯ ಕಚೇರಿಯಿದೆ, ಅದರಲ್ಲಿ ಮೇಜಿದೆ, ಮೇಜಿನ ಹಿಂದೆ ಮನುಷ್ಯರಿದ್ದಾರೆ. ತಮ್ಮ ಜಿಲ್ಲೆಯಿಂದ ಹೊರದೇಶಕ್ಕೆ ಹೋಗಿ ಬಂದ ಅಂಗವಿಕಲ ಕ್ರೀಡಾಪಟುಗಳು ಎಷ್ಟು ಮಂದಿ, ಅವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ಒಂದು ಪಟ್ಟಿಯನ್ನು ಮಾಡುವುದು ಆಗದ ಕೆಲಸವೆ? ಪಟ್ಟಿಯಾದ ಮೇಲೆ ಅವರಲ್ಲಿ ಕಲಿಸಬಲ್ಲವರನ್ನು ವಾರಕ್ಕೆ ಎರಡು ದಿನ ಮೈದಾನಕ್ಕೆ ಕರೆಸಿ, ಸಂಬಳ ಕೊಟ್ಟು, ಮಕ್ಕಳ ಮುಂದೆ ನಿಲ್ಲಿಸಲಿ, ಕ್ಷಮಿಸಿ, ಕೂರಿಸಲಿ. ನಾನು ಕಂಡ ಆ ಗುಂಡು ಎಸೆತದ ಮಹನೀಯರು ಸಭೆಯ ದಿನ ನನಗೆ ಎರಡನೆಯ ಮಾತಾಗಿ ಹೇಳಿದ್ದು ಇದನ್ನೇ. ಶಾಲುಗಳು ಮನೆಯಲ್ಲಿ ಹದಿನಾಲ್ಕಿವೆಯಂತೆ. ಒಬ್ಬ ಹುಡುಗನಿಗೆ ಕಲಿಸಿ ಎಂದು ಕರೆದವರು ಮಾತ್ರ ಈವರೆಗೆ ಯಾರೂ ಇಲ್ಲವಂತೆ.

ಅವರು ಎಸೆದ ದೂರವನ್ನು ಆಮೇಲೆ ಅವರ ಮನೆಗೆ ಹೋಗಿ ಕೇಳಿ ಬರೆದುಕೊಂಡು ಬಂದೆ. ಪತ್ರಿಕೆಯಲ್ಲಿ ತಮ್ಮ ಗುರುತು ಬೇಡವೆಂದು ಅವರು ಹೇಳಿದ್ದರಿಂದ ಇಲ್ಲಿ ಬರೆದಿಲ್ಲ. ನನ್ನ ಮೇಜಿನ ಮೇಲಿನ ದಿನಚರಿಯಲ್ಲಿ ಅದು ಸೆಂಟಿಮೀಟರಿನವರೆಗೆ ಇದೆ.

ಈ ವರ್ಷವೂ ಅದೇ ಸಂಘದವರು ಸನ್ಮಾನ ಇಟ್ಟುಕೊಂಡಿದ್ದಾರೆ. ಈ ಸಲ ನಿವೃತ್ತ ತರಬೇತುದಾರರೊಬ್ಬರಿಗೆ, ಅವರೂ ಗಾಲಿಕುರ್ಚಿಯವರು. ಪರಿಚಯ ಭಾಷಣಕ್ಕೆ ಮತ್ತೆ ನನ್ನನ್ನೇ ಕರೆದರು. ಎರಡು ಸಂಗತಿಗಳನ್ನು ಕೇಳಿ ಕಾಗದ ಬರೆದೆ: ಸನ್ಮಾನವನ್ನು ವೇದಿಕೆಯ ಕೆಳಗೆ, ಎಲ್ಲರೂ ನೆಲದ ಮೇಲೆಯೇ ಇದ್ದು ಮಾಡುವಿರಾ? ಅವರು ತಯಾರು ಮಾಡಿದ ಆಟಗಾರರ ಹೆಸರು, ಸ್ಪರ್ಧೆ, ಇಸವಿಗಳ ಪಟ್ಟಿಯನ್ನು ಒಂದು ವಾರ ಮೊದಲು ನನಗೆ ಕಳಿಸುವಿರಾ? ಮೂರು ವಾರವಾಯಿತು, ಉತ್ತರ ಬಂದಿಲ್ಲ. ಮೊನ್ನೆ ಪೇಟೆಯಲ್ಲಿ ಕಾರ್ಯದರ್ಶಿಗಳು ಸಿಕ್ಕಿದ್ದರು. ಶಾಲು ಆಗಲೇ ತಂದಾಗಿದೆಯಂತೆ. ಮೈಸೂರು ರೇಷ್ಮೆಯ ಅಂಚಿನದು.